ತೊಂಬತ್ತು ಡಿಗ್ರಿ

ಮೂಳೆ ಮುರಿದಿರಲಿಲ್ಲ. ಕೂದಲೆಳೆಯಷ್ಟು ಬಿರುಕೂ ಇರಲಿಲ್ಲ. ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದ ಎಕ್ಸ್‌ರೇಯನ್ನು ಮೂಳೆ ಡಾಕ್ಟರ್ ಮೂರನೆಯ ಸಲ ನೋಡಿದ. ಹನ್ನೊಂದು ವರ್ಷದ ಪಾದ. ಪಠ್ಯಪುಸ್ತಕಕ್ಕೆ ಹಾಕಿಸುವಷ್ಟು ಚೆನ್ನಾಗಿತ್ತು. ಅದು ಅವನ ಮಗನದು. ಅವನಿಗೆ ನಿರಾಸೆಯಾಯಿತು.

ಆ ನಿರಾಸೆ ಕಂಡು ಅವನೇ ಬೆಚ್ಚಿದ.

ಬೆಳಿಗ್ಗೆ ಶಾಲೆಯ ಮೆಟ್ಟಿಲ ಮೇಲೆ ಹುಡುಗನನ್ನು ಯಾರೋ ತಳ್ಳಿದ್ದರು. ಯಾರೆಂದು ಮಗ ಹೇಳಲಿಲ್ಲ. ಅಪ್ಪ ಕೇಳಲೂ ಇಲ್ಲ. ಎರಡು ವರ್ಷದಿಂದ ಹುಡುಗ ಬ್ಯಾಲೆ ನೃತ್ಯ ಕಲಿಯುತ್ತಿದ್ದ. ಹತ್ತೊಂಬತ್ತು ಹುಡುಗಿಯರ ನಡುವೆ ಒಬ್ಬನೇ ಗಂಡು. ಶಾಲೆಯ ಹುಡುಗರು ಅವನಿಗೆ 'ರಾಜಕುಮಾರಿ' ಎಂದು ನಾಮಕರಣ ಮಾಡಿದ್ದರು. ಇವತ್ತು ಸಂಜೆ ಆರಕ್ಕೆ ಮೊದಲ ಸಲ ವೇದಿಕೆ ಹತ್ತುವವನಿದ್ದ. ಆ ಹುಡುಗಿಯರಲ್ಲಿ ಅರ್ಧದಷ್ಟು ಆಸ್ಪತ್ರೆಯವರ ಮಕ್ಕಳೇ. ಎಲ್ಲರೂ ನೋಡಲು ಬರುತ್ತಿದ್ದರು.

ಚಹಾ ಕೋಣೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು ಕೇಳಿದ್ದರು: "ಮಗನ ಆ ಬಿಗಿ ಚಡ್ಡಿ ನೀವು ಆರಿಸಿದ್ದೋ, ಮೇಡಂ ಆರಿಸಿದ್ದೋ?"

ಎಲ್ಲರೂ ನಕ್ಕರು. ಇವನೂ ನಕ್ಕ, ಉಳಿದವರಿಗಿಂತ ತುಸು ಹೆಚ್ಚು ಹೊತ್ತೇ.

ಫೋನು ಹೊಡೆದುಕೊಂಡಿತು. ಹೆಂಡತಿ.

"ಏನಂತೆ ಕಾಲು?"

"ನೋಡ್ತಿದ್ದೀನಿ."

"ಅವನ ಡಾನ್ಸ್ ಶೂಗೆ ಎಲಾಸ್ಟಿಕ್ ಹೊಲಿದಾಯ್ತು. ಆರಕ್ಕೆ ಬರ್ತೀರಲ್ಲ?"

"ಪೇಷಂಟ್ ಇದ್ದಾರೆ," ಎಂದು ಇಟ್ಟ. ಸುಳ್ಳೇನಲ್ಲ.

"ಅಪ್ಪಾ, ನಾನು ಹೋಗ್ಬಹುದಲ್ವಾ?" ಮೇಜಿನ ಮೇಲೆ ಕೂತ ಹುಡುಗ ಕೇಳಿದ. "ಈಗ ನೋವೇ ಇಲ್ಲ."

"ನೋವಿಲ್ದೆ ಇರೋದೇ ಅಪಾಯ."

ಎಷ್ಟು ಸಲೀಸಾಗಿ ಬಂತು! ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಬೈಯಬೇಕಾಗಿಲ್ಲ, ಹೆಂಡತಿಯ ಜೊತೆ ಜಗಳವಿಲ್ಲ, ಹಳೇ ಕಾಲದ ಅಪ್ಪ ಅನ್ನಿಸಿಕೊಳ್ಳುವ ಗೋಜಿಲ್ಲ. ಆರು ವಾರದ ಪ್ಲಾಸ್ಟರ್ ಸಾಕು. ಅಷ್ಟರಲ್ಲಿ ಹುಚ್ಚು ಇಳಿದಿರುತ್ತದೆ.

"ಸಣ್ಣ ಬಿರುಕಿದೆ. ಪ್ಲಾಸ್ಟರ್ ಹಾಕ್ಬೇಕು."

"ಎಲ್ಲಿ?"

ಅವನು ಹಿಮ್ಮಡಿಯ ಮೇಲಿನ ಒಂದು ಗೆರೆಯನ್ನು ಬೆರಳಿಟ್ಟು ತೋರಿಸಿದ. ಬೆಳೆಯುವ ಎಲ್ಲ ಮಕ್ಕಳಿಗೂ ಇರುವ ಗೆರೆ. ಮೂಳೆ ಬೆಳೆಯುವುದೇ ಅಲ್ಲಿಂದ. ಹುಡುಗ ನೋಡಿದ. ನಂಬಿದ. ಅಪ್ಪ ಡಾಕ್ಟರಲ್ಲವೇ.

ಪ್ಲಾಸ್ಟರ್ ಹಾಕುವ ಮುದುಕನನ್ನು ಆಸ್ಪತ್ರೆಯಲ್ಲಿ ಎಲ್ಲರೂ 'ಪಟ್ಟಿ ತಾತ' ಎನ್ನುತ್ತಿದ್ದರು. ಮೂವತ್ತು ವರ್ಷದಿಂದ ಅದೇ ಕೆಲಸ. ಅವನು ಎಕ್ಸ್‌ರೇ ನೋಡಿದ, ಆಮೇಲೆ ಡಾಕ್ಟರ ಮುಖ ನೋಡಿದ.

"ಬಿರುಕು ಎಲ್ಲಿ ಸಾರ್?"

"ನೀವು ಪಟ್ಟಿ ನೆನೆಸಿ."

ಮುದುಕ ಬಕೆಟ್ಟಿನಲ್ಲಿ ಪಟ್ಟಿ ಅದ್ದಿದ. ಒಂದೊಂದೇ ಸುತ್ತು ಏರಿತು. ಪ್ಲಾಸ್ಟರ್ ಒಣಗುವವರೆಗೆ ಪಾದವನ್ನು ಕಾಲಿಗೆ ಲಂಬವಾಗಿ, ತೊಂಬತ್ತು ಡಿಗ್ರಿಗೆ ಒತ್ತಿ ಹಿಡಿಯಬೇಕು. ಇಲ್ಲದಿದ್ದರೆ ವಾಸಿಯಾದ ಮೇಲೂ ಹಿಮ್ಮಡಿ ನೆಲಕ್ಕೆ ತಾಗುವುದು ಕಷ್ಟ. ಒತ್ತಿ ಹಿಡಿಯಲು ಅಪ್ಪನೇ ನಿಂತ. ಹುಡುಗ ಅಳಬಹುದೆಂದು ಕಾದ. ಅತ್ತರೆ 'ಗಂಡು ಹುಡುಗ ಅಳ್ತಾನಾ?' ಎನ್ನಬಹುದಿತ್ತು. ಹುಡುಗ ಅಳಲಿಲ್ಲ.

"ಅಪ್ಪಾ, ಮೂಳೆ ಬಿರುಕು ಬಿಟ್ಟಿದೆ ಅಂತ ಅವ್ರಿಗೆ ಗೊತ್ತಾಗ್ಬಾರ್ದು."

"ಯಾರಿಗೆ?"

"ತಳ್ಳಿದವ್ರಿಗೆ. ಗೆದ್ವಿ ಅಂತ ಕುಣೀತಾರೆ."

ಅಪ್ಪನ ಅಂಗೈ ಸಡಿಲವಾಯಿತು. ಅವರ ಮುಖಗಳನ್ನು ಅವನು ನೋಡಿರಲಿಲ್ಲ. ಆದರೆ ಅವರು ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ ನಗುವುದು ಸ್ಪಷ್ಟವಾಗಿ ಕೇಳಿಸಿತು. ಅದರಲ್ಲೊಂದು ನಗು ತುಸು ಹೆಚ್ಚು ಹೊತ್ತು ಉಳಿಯಿತು.

"ಸಾರ್, ಪಾದ ಇಳೀತಾ ಇದೆ. ಒತ್ತಿ ಹಿಡೀರಿ."

ಅವನು ಕೈ ಎತ್ತಿದ. ಅದು ಪಾದದವರೆಗೆ ಹೋಗಲಿಲ್ಲ.

"ಸಾರ್, ಗಟ್ಟಿಯಾಗ್ತಿದೆ."

ಹುಡುಗ ಕಣ್ಣು ಮುಚ್ಚಿದ್ದ. ಎರಡು ವರ್ಷದ ಅಭ್ಯಾಸ. ಪಾದ ತಾನಾಗಿ ಬೆರಳ ತುದಿಯವರೆಗೆ ನೀಳವಾಗಿ ಚಾಚಿಕೊಂಡಿತು. ಪ್ಲಾಸ್ಟರ್ ಬಿಸಿಯಾಯಿತು, ಆಮೇಲೆ ತಣ್ಣಗಾಯಿತು. ಮೇಜಿನ ಅಂಚಿನಾಚೆ ಆ ಬಿಳಿಯ ಪಾದ, ಕುಣಿಯಲು ಸಿದ್ಧವಾದ ಹಾಗೆಯೇ, ಕಲ್ಲಾಗಿ ನಿಂತಿತ್ತು.