ವರ್ಣಮಾಲೆಯಲ್ಲಿಲ್ಲದ ಕರೆ

ಡಮರುಗದ ನಾದದಿಂದ ಅಕ್ಷರಗಳಿಗೆ ಜನ್ಮವಿತ್ತ ಪರಶಿವನಿಗೆ ಶರಣು. ಅಕ್ಷರವಾಗದೆ ಉಳಿದ ನಾದಗಳಿಗೂ ಅವನೇ ಒಡೆಯ. ಅಂಥದೊಂದರ ಕಥೆಯನ್ನು ಅವನೇ ನುಡಿಸಲಿ.

ಎರಡು ತುಟಿಗಳನ್ನು ಸಡಿಲವಾಗಿ ಮುಚ್ಚಿ, ಒಳಗಿನ ಉಸಿರಿನಿಂದ ಅವನ್ನು ನಡುಗಿಸಿದರೆ ಹುಟ್ಟುವ ವ್ಯಂಜನವೊಂದುಂಟು. ಲೋಕದ ಕೆಲವೇ ನುಡಿಗಳು ಅದನ್ನು ಮಾತಿನೊಳಗೆ ಇರಿಸಿಕೊಂಡಿವೆ. ನಮ್ಮ ವೈಯಾಕರಣರು ಓಷ್ಠ್ಯಗಳನ್ನು ಎಣಿಸುವಾಗ ಅದಕ್ಕೆ ಮಣೆ ಹಾಕಲಿಲ್ಲ. ಕೂಡ್ಲಿಗಿ ಸೀಮೆಯ ಈ ಕಥೆಯ ಕುರಿಗಾರರು ಹಾಕಿದ್ದರು. ಅವರು ಹಿಂಡನ್ನು ಕರೆಯುತ್ತಿದ್ದುದು ಆ ನಾದದಿಂದಲೇ.

ಕುರಿಗಾರ ಜಂಬಯ್ಯನಿಗೆ ಈ ವರ್ಷ ವಾತ ಬಡಿದು ಬಾಯಿ ಸೊಟ್ಟಗಾಯಿತು. ತುಟಿಗಳು ಕೂಡಲೊಲ್ಲವು, ಕರೆ ಬರಿಯ ಗಾಳಿಯಾಗಿ ಸೋರಿಹೋಗುತ್ತಿತ್ತು. ಹೀಗಿರಲು ಒಂದು ಮಧ್ಯಾಹ್ನ ಕೆರೆಯಂಗಳದಲ್ಲಿ ಅವನ ಹಿಂಡು ಇನ್ನೊಬ್ಬ ಕುರಿಗಾರ ಪಾಲಣ್ಣನ ಹಿಂಡಿನೊಡನೆ ಬೆರೆಯಿತು. ಅಲ್ಲಿನ ಕಟ್ಟಳೆ ಸರಳ: ಕರೆದವರ ಹಿಂದೆ ನಡೆದ ಕುರಿ ಅವರದು. ಪಾಲಣ್ಣ ಮೊದಲು ಕರೆದ. ಅವನ ಕುರಿಗಳ ಬೆನ್ನಿಗೆ ಜಂಬಯ್ಯನವೂ ಹೊರಟವು.

ಜಂಬಯ್ಯನ ಹೆಂಡತಿ ಹಂಪಕ್ಕ ಮುಂದೆ ಬಂದಳು.

“ಏ ಹಂಪಿ, ಹೆಂಗಸ್ರು ತುಟಿ ಒದರಬಾರ್ದು. ಹಿಂದಕ ಸರಿ,” ಎಂದ ಪಾಲಣ್ಣ.

“ಯಾಕ ಮಾವ? ನನಗ ದೇವ್ರು ತುಟಿ ಕೊಟ್ಟಿಲ್ಲೇನು?”

ಬಾಯಿಗೆ ಅಡ್ಡವಿದ್ದ ಸೆರಗನ್ನು ಸರಿಸಿ ಊದಿದಳು. ಉಗುಳು ಹಾರಿತೇ ಹೊರತು ನಾದ ಹುಟ್ಟಲಿಲ್ಲ.

ಏರಿಯ ಮೇಲೆ ಬೈಕು ನಿಲ್ಲಿಸಿದ್ದವನೊಬ್ಬ ಕೂಗಿದ: “ಕೂಸು ತುಟಿ ಒದರಿ ಮಳಿ ಕರೀತೈತಲೇ! ಒಣಗಾಕ ಇಟ್ಟ ಹಪ್ಪಳ ಎತ್ತಿಡ್ರಿ!”

“ಸಾಕು ಬಿಡೇ,” ಎಂದು ಜಂಬಯ್ಯ ತೊದಲಿದ.

“ನೀ ಸುಮ್ಕಿರು. ಹೋಗಾಕತ್ತಿದ್ದು ನಮ್ಮ ಬದುಕು.”

ತುಟಿ ಸವರಿಕೊಂಡು ಮತ್ತೆ ಊದಿದಳು. ಈ ಸಲ ನಾದ ನಡುಗುತ್ತ ಎದ್ದಿತು. ಗಂಡನದಕ್ಕಿಂತ ತೆಳು, ಕುರಿಗಳಿಗೆ ಅಪರಿಚಿತ. ಒಂದೂ ತಿರುಗಲಿಲ್ಲ. ಅವಳು ನಿಲ್ಲಿಸಲಿಲ್ಲ. ಧೂಳಿನೊಳಗೆ ನಡೆಯುತ್ತ, ತುಟಿ ಬಿರಿದು ರಕ್ತ ಒಸರಿದರೂ ಕರೆಯುತ್ತಲೇ ಹೋದಳು. ಕಡೆಗೆ ಮುದಿ ಕುರಿಯೊಂದು ಕಿವಿ ನಿಮಿರಿಸಿ ನಿಂತು, ಅವಳತ್ತ ಹೊರಳಿತು. ಅದರ ಬೆನ್ನಿಗೆ ಜಂಬಯ್ಯನ ಹಿಂಡು ಹೊರಳಿತು. ಕೆಲವು ಮರಿಗಳು ಮಾತ್ರ ಪಾಲಣ್ಣನ ಹಿಂದೆಯೇ ಉಳಿದವು.

“ಕಟ್ಟಳಿ ಪ್ರಕಾರ ಇವು ನನ್ನವು,” ಎಂದ ಪಾಲಣ್ಣ. “ನಾಳಿಂದ ಗಂಡಸ್ರನ್ನ ಕಳಸು.”

ಹಂಪಕ್ಕ ತುಟಿಯ ರಕ್ತವನ್ನು ಒರೆಸಿಕೊಂಡಳು.

“ಮರಿ ಇಟ್ಕೋ ಮಾವ. ನಾಳಿ ನಾನೇ ಬರ್ತೀನಿ. ನಿನ್ನವೂ ನನ್ನ ಹಿಂದ ಬಂದ್ರ ಅಳಬ್ಯಾಡ.”

ಇದಕ್ಕೆ ಕಿವಿಗೊಟ್ಟವರ ಉಸಿರು ತುಂಬಿರಲಿ, ಅವರ ಕರೆಗೆ ಓಗೊಡುವವರು ಎಂದಿಗೂ ಇರಲಿ. ಶಿವನು ಸಕಲರನ್ನೂ ಕಾಯಲಿ.