ಮುಳ್ಳಿಲ್ಲದ ಬದನೆ

ಕಣ್ಣು ಹೋದ ಮೇಲೆ ಅರುಣಾಳ ಕೈಯಿಂದ ಒಂದೊಂದೇ ಕೆಲಸ ತಪ್ಪಿಹೋಯಿತು. ಕುಣಿಗಲ್‌ನ ಆ ಬೀದಿಯಲ್ಲಿ ರವಿಕೆ ಹೊಲಿಸಬೇಕೆಂದರೆ ಹೆಂಗಸರು ಬರುತ್ತಿದ್ದುದು ಅವಳ ಹತ್ತಿರವೇ. ಕಣ್ಣಿನ ನರ ಒಣಗಿದೆ, ದೃಷ್ಟಿ ಮರಳುವುದಿಲ್ಲ ಎಂದು ತುಮಕೂರಿನ ಡಾಕ್ಟರು ಹೇಳಿದ ವರ್ಷವೇ ಹೊಲಿಗೆ ಮೆಷೀನಿಗೆ ಬೆಡ್‌ಶೀಟು ಹೊದಿಸಿದ್ದಾಯಿತು. ಆಮೇಲೆ ಅತ್ತೆ ತಿಪ್ಪಮ್ಮ ಅವಳನ್ನು ಒಲೆಯ ಹತ್ತಿರ ಬಿಡಲಿಲ್ಲ. ಗಂಡ ಮುತ್ತುರಾಜ್ ಅಮೃತೂರಿಗೆ ಓಡುವ ಪ್ರೈವೇಟ್ ಬಸ್ಸಿನ ಡ್ರೈವರ್. ಅವನು ಅವಳ ಚಪ್ಪಲಿಯನ್ನೂ ತಾನೇ ತಂದು ಕಾಲ ಬಳಿ ಇಡತೊಡಗಿದ. ಎಲ್ಲರೂ ಒಳ್ಳೆಯವರೇ. ಅಷ್ಟು ಜನ ಒಳ್ಳೆಯವರ ನಡುವೆ ಅವಳು ಬೆಳಗಿನಿಂದ ಸಂಜೆಯವರೆಗೆ ಕುರ್ಚಿಯಲ್ಲಿ ಕೂತಿರುತ್ತಿದ್ದಳು.

ಒಂದು ಬೆಳಿಗ್ಗೆ ಅವಳು, "ಟೆರೇಸ್ ಮೇಲೆ ತರಕಾರಿ ಬೆಳೀತೀನಿ," ಎಂದಾಗ ತಿಪ್ಪಮ್ಮ ಅಕ್ಕಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟಳು.

"ಕಣ್ಣಿದ್ದಾಗ್ಲೇ ಒಂದು ತುಳಸಿ ಗಿಡ ಉಳಿಸ್ಲಿಲ್ಲ ನೀನು. ಈಗ ಬಿದ್ದುಗಿದ್ದು ಸೊಂಟ ಮುರ್ಕೊಂಡ್ರೆ ಏನಮ್ಮ ಗತಿ?"

"ಬಿದ್ರೆ ಎದ್ದೇಳ್ತೀನಿ ಬುಡಿ ಅತ್ತೆ."

ತಿಪ್ಪಮ್ಮ ಹೇಳಿದ್ದು ಸುಳ್ಳಲ್ಲ. ಗುಬ್ಬಿ ಪೇಟೆಯಲ್ಲಿ ಹುಟ್ಟಿ ಬೆಳೆದ ಅರುಣಾಳಿಗೆ ಗಿಡದ ಬಗ್ಗೆ ಏನೂ ತಿಳಿಯದು. ಆದರೂ ಮೆಟ್ಟಿಲ ಗೋಡೆ ಸವರಿಕೊಂಡು ಟೆರೇಸ್ ಹತ್ತಿದಳು. ಬಾಗಿಲಿನಿಂದ ಆಚೆ ಮೂಲೆಯವರೆಗೆ ಬಟ್ಟೆ ಒಣಹಾಕುವ ಹಗ್ಗ ಎಳೆದು ಕಟ್ಟಿ, ಅದರ ಪಕ್ಕದಲ್ಲೇ ಹಳೆಯ ಪೇಂಟ್ ಬಕೆಟ್‌ಗಳನ್ನು ಸಾಲಾಗಿ ಇಟ್ಟಳು. ಹಗ್ಗ ಹಿಡಿದು ನಡೆದರೆ ಬಕೆಟ್ ಕಾಲಿಗೆ ತಾಗುತ್ತಿತ್ತು. ಮುತ್ತುರಾಜ್ ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ ತಂದು ಹಾಕಿದ. ಕಲೆಸಲು ಅವನು ಕೈ ಹಾಕಿದಾಗ ಅವಳು ತಳ್ಳಿದಳು.

ಕೊತ್ತಂಬರಿ ಬೀಜ ಬಿತ್ತಿದಳು. ಅಮೃತೂರಿನಲ್ಲಿರುವ ನಾದಿನಿ ಕೊಟ್ಟಿದ್ದ ಮುಳ್ಳುಬದನೆಯ ಬೀಜವನ್ನೂ ಹಾಕಿದಳು. ಪಕ್ಕದ ಟೆರೇಸ್‌ನಲ್ಲಿ ಕೋಳಿ ಸಾಕಿದ್ದ ರಹಿಮಾ ಬೀ ಒಂದು ದಿನ ಅಲ್ಲಿಂದಲೇ ಕೂಗಿದಳು:

"ಅರುಣಾ, ನಿನ್ ಕೊತ್ತಂಬ್ರಿ ಎಲ್ಲಾ ಒಂದೇ ಮೂಲೇಲಿ ಎದ್ದದೆ ಕಣೇ! ಮಿಕ್ಕಿದ್ದೆಲ್ಲಾ ಬೋಳು ಬೋಳು."

ಅರುಣಾ ನಕ್ಕಳು. ಕಣ್ಣು ಹೋದ ಮೇಲೆ ಅವಳಿಗೆ ಹೀಗೆ ಇದ್ದದ್ದನ್ನು ಇದ್ದಂತೆ ಯಾರೂ ಹೇಳಿರಲಿಲ್ಲ.

ಬದನೆ ಸಸಿ ಗೇಣುದ್ದ ಬೆಳೆಯಿತು. ಎಲೆಯ ನಡುವಿನ ನರದ ಮೇಲೆ ಸಣ್ಣ ಮುಳ್ಳುಗಳೂ ಬಂದವು. ಅವು ಬೆರಳಿಗೆ ಚುಚ್ಚಿದಾಗೆಲ್ಲ ಅವಳಿಗೆ ಖುಷಿ. ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ನೀರು ತಪ್ಪಲಿಲ್ಲ. ಹೀಗಿರುವಾಗ ಎಲೆಗಳು ಮೆತ್ತಗಾಗಿ ಜೋತುಬಿದ್ದವು. "ಬಿಸಿಲಿಗೆ ಕಣೇ, ಸರಿಹೋಗ್ತದೆ," ಎಂದ ಮುತ್ತುರಾಜ್. ಅವಳು ಇನ್ನೊಂದು ಚೊಂಬು ನೀರು ಜಾಸ್ತಿ ಹಾಕಿದಳು.

ಆ ವಾರವೇ ತಂಗಿಯ ಮಗುವಿನ ನಾಮಕರಣಕ್ಕೆಂದು ಅವಳು ಗುಬ್ಬಿಗೆ ಹೋದಳು. ಮರಳಿ ಬಂದಾಗ ಮುತ್ತುರಾಜ್ ಬಾಗಿಲಲ್ಲೇ ಸುದ್ದಿ ಹೇಳಿದ.

"ನಿನ್ ಬದನೆ ಎದ್ದು ನಿಂತವೆ ಕಣೇ! ಹೂವು ಬಿಟ್ಟವೆ. ಔಷಧಿ ಹೊಡ್ಸಿದೀನಿ, ಒಂದಷ್ಟು ದಿನ ಮುಟ್ಬೇಡ. ನೀರು ನಾನೇ ಹಾಕ್ತೀನಿ."

ಅವಳ ಮುಖ ಅರಳಿದ್ದನ್ನು ಕಂಡು ತಿಪ್ಪಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ರಹಿಮಾ ಬೀ ಆಗ ಮಗಳ ಬಾಣಂತನಕ್ಕೆಂದು ತುಮಕೂರಿಗೆ ಹೋಗಿದ್ದಳು. ಟೆರೇಸ್ ಮೇಲೆ ಏನು ನಡೆಯಿತೆಂದು ಹೇಳುವವರು ಬೇರೆ ಯಾರೂ ಇರಲಿಲ್ಲ.

ಭಾನುವಾರ ಮುತ್ತುರಾಜ್‌ನ ಸೋದರಮಾವ ಸದಾಶಿವಯ್ಯ ಹೆಂಡತಿ ಮಕ್ಕಳೊಂದಿಗೆ ಊಟಕ್ಕೆ ಬಂದರು. ಗರಿಗರಿ ಬಿಳಿ ಪಂಚೆ, ಕೈಯಲ್ಲಿ ದೊಡ್ಡ ಫೋನು. ಊಟವಾದ ಮೇಲೆ ಎಲ್ಲರೂ ಟೆರೇಸ್ ಹತ್ತಿದರು.

"ಶಿವಾ! ಕಣ್ಣಿದ್ದೋರೇ ನಾಚ್ಕೋಬೇಕು ನೋಡ್ರಪ್ಪ," ಎಂದರು ಸದಾಶಿವಯ್ಯ. "ಅಮ್ಮಾ ಅರುಣಾ, ಆ ಗಿಡ ಹಿಡ್ಕೊಂಡು ನಿಂತ್ಕೋ. ವಿಡಿಯೋ ಮಾಡಿ ನಮ್ ಗ್ರೂಪಿಗೆ ಹಾಕ್ತೀನಿ. ಒಂಚೂರು ನಗು."

"ಔಷಧಿ ಐತೆ, ಮುಟ್ಬೇಡ," ಎಂದು ಮುತ್ತುರಾಜ್ ಅನ್ನುವಷ್ಟರಲ್ಲಿ ಅವಳ ಕೈ ಗಿಡದ ಮೇಲಿತ್ತು.

ಎಲೆ ಹಿಡಿದಳು. ನರವನ್ನು ಸವರಿದಳು. ಕಾಂಡದುದ್ದಕ್ಕೂ ಕೆಳಗಿನವರೆಗೆ ಬೆರಳಾಡಿಸಿದಳು. ರೇಷ್ಮೆ ಬಟ್ಟೆಯಂತೆ ನುಣುಪಾಗಿತ್ತು. ಮಣ್ಣಿನಲ್ಲಿ ಬೆರಳೂರಿದಾಗ ಪ್ಲಾಸ್ಟಿಕ್ ಕವರಿನ ಅಂಚು ತಾಗಿತು. ನರ್ಸರಿಯವರು ಸಸಿ ಕೊಡುವ ಕವರು.

"ಇದಕ್ಕೆ ಮುಳ್ಳಿಲ್ಲ," ಎಂದಳು ಅರುಣಾ.

ಅವಳು ಗಂಡನ ದನಿ ಬಂದಿದ್ದ ಕಡೆ ತಿರುಗಿದಳು.

"ನನ್ ಗಿಡ ಎಲ್ಲಿ?"

"ಬದನೇಲಿ ಎಷ್ಟೋ ಜಾತಿ ಇರ್ತವಮ್ಮ..." ತಿಪ್ಪಮ್ಮ ಶುರು ಮಾಡಿದಳು.

"ಅತ್ತೆ, ನಿಮ್ಮನ್ನ ಕೇಳ್ಲಿಲ್ಲ. ರೀ, ನನ್ ಗಿಡ ಎಲ್ಲಿ?"

ಮುತ್ತುರಾಜ್ ಒಂದು ಹೆಜ್ಜೆ ಮುಂದೆ ಬಂದ. "ಸತ್ತೋದ್ವು ಕಣೇ. ನೀನು ಗುಬ್ಬೀಲಿದ್ದಾಗ ಎಲ್ಲಾ ಮಲಗಿಬಿಟ್ವು. ನೀನು ನಕ್ಕು ಎಷ್ಟು ಕಾಲ ಆಗಿತ್ತು... ಅದಕ್ಕೇ ನರ್ಸರಿಯಿಂದ ತಂದು ನೆಟ್ಟೆ."

ಅರುಣಾ ಬಗ್ಗಿ ಗಿಡದ ಬುಡಕ್ಕೆ ಕೈ ಹಾಕಿ ಒಂದೇ ಸಲಕ್ಕೆ ಕಿತ್ತಳು. ಹಗ್ಗ ಹಿಡಿದು ಮುಂದಿನ ಬಕೆಟ್‌ಗೆ ಹೋದಳು. ಅದನ್ನೂ ಕಿತ್ತಳು. ಹೂವಿದ್ದದ್ದು, ಮಿಡಿ ಬಿಟ್ಟದ್ದು, ಯಾವುದನ್ನೂ ಬಿಡಲಿಲ್ಲ. ಸದಾಶಿವಯ್ಯನವರ ಹೆಂಡತಿ "ಅಯ್ಯೋ, ಕಾಯಿ ಬಿಟ್ಟಿರೋ ಗಿಡ!" ಎಂದು ಕೂಗಿಕೊಂಡರು.

"ಇವು ನಿಮ್ ಗಿಡ. ನಿಮ್ಗೆ ಬೇಕಾದ್ರೆ ತಗೊಂಡೋಗಿ," ಎಂದು ಅರುಣಾ ಕೊನೆಯ ಬಕೆಟನ್ನು ಎರಡೂ ಕೈಯಿಂದ ಬೋರಲು ಹಾಕಿದಳು. ತಳದಲ್ಲಿ ನಿಂತಿದ್ದ ಕಪ್ಪು ರಾಡಿ ದಬಕ್ಕನೆ ಸುರಿದು ಸದಾಶಿವಯ್ಯನವರ ಪಂಚೆಗೆ ಸಿಡಿಯಿತು. ಕೊಳೆತ ವಾಸನೆ ಟೆರೇಸ್ ತುಂಬಿತು. ಅವರು ಫೋನನ್ನು ಜೇಬಿಗಿಳಿಸಿ ಹಿಂದೆ ಸರಿದರು.

ಅರುಣಾ ಅಲ್ಲೇ ಕೂತು ಆ ರಾಡಿಯಲ್ಲಿ ಕೈಯಾಡಿಸಿದಳು. ಹಳೆಯ ಬೇರಿನ ಚೂರೊಂದು ಸಿಕ್ಕಿತು. ಒತ್ತಿದಾಗ ಸಿಪ್ಪೆ ಕಳಚಿ ಬಂತು. ಖಾಲಿ ಬಕೆಟ್ ತಿರುಗಿಸಿ ತಳವನ್ನು ಸವರಿದಳು. ಒಂದು ತೂತೂ ಇರಲಿಲ್ಲ.

"ನೀರು ಹೋಗೋಕೆ ದಾರಿನೇ ಇಲ್ಲ," ಎಂದಳು, ತನ್ನಷ್ಟಕ್ಕೆ ಎಂಬಂತೆ. "ನೀರು ಕುಡ್ದು ಕುಡ್ದು ಸತ್ತವೆ. ನಾನೇ ಕೊಂದಿದೀನಿ."

"ಹೋಗ್ಲಿ ಬುಡಮ್ಮ..." ಎಂದಳು ತಿಪ್ಪಮ್ಮ.

"ಯಾಕತ್ತೆ ಹೋಗ್ಲಿ? ಸತ್ತಿದ್ರೆ ಸತ್ತವೆ ಅನ್ನಿ. ಯಾಕೆ ಸತ್ವು ಅಂತ ನಾನೂ ತಿಳ್ಕೋತೀನಿ. ಇವ್ರು ನರ್ಸರಿಯಿಂದ ತಂದು ನಿಲ್ಲಿಸ್ತಾ ಇದ್ರೆ ನಾನು ಸಾಯೋವರ್ಗೂ ತೂತಿಲ್ಲದ ಬಕೆಟ್ಟಿಗೆ ನೀರು ಹುಯ್ತಾ ಇರ್ಬೇಕಾ? ನಂಗೆ ಕಣ್ಣು ಹೋಗಿದೆ. ಬುದ್ಧಿ ಹೋಗಿಲ್ಲ."

ನೆಂಟರು ಕಾಫಿ ಕುಡಿಯದೆ ಬಸ್ ಹತ್ತಿದರು. ಮನೆಯಲ್ಲಿ ಎರಡು ಮೂರು ದಿನ ಬೇಕಾದಷ್ಟೇ ಮಾತು. ಆಮೇಲೊಂದು ಮಧ್ಯಾಹ್ನ ಮುತ್ತುರಾಜ್ ಕಬ್ಬಿಣದ ಸರಳೊಂದನ್ನು ಒಲೆಯಲ್ಲಿ ಕಾಯಿಸಿ ಹಿಡಿದು ಮೇಲೆ ಬಂದ.

"ತೂತು ಹಾಕ್ತೀನಿ," ಎಂದ.

"ಕೊಡಿ ಇಲ್ಲಿ."

"ಸುಡ್ತದೆ ಕಣೇ!"

"ಎಲ್ಲಿ ಹಿಡ್ಕೋಬೇಕು, ಅಷ್ಟು ಹೇಳಿ ಸಾಕು."

ಅವನು ಅವಳ ಕೈಯನ್ನು ಬಟ್ಟೆ ಸುತ್ತಿದ ತುದಿಗೆ ಮುಟ್ಟಿಸಿ ಬಿಟ್ಟ. ಮೂರನೆಯ ಬಕೆಟ್‌ಗೆ ಹೋಗುವಷ್ಟರಲ್ಲಿ ಹೆಬ್ಬೆರಳಿಗೆ ಬೊಬ್ಬೆ ಬಂದಿತ್ತು. ಅವಳು ಬೆರಳನ್ನು ಚೊಂಬಿನ ನೀರಿನಲ್ಲಿ ಅದ್ದಿ, ಉಳಿದ ಬಕೆಟ್‌ಗಳಿಗೂ ತೂತು ಹಾಕಿ ಮುಗಿಸಿದಳು.

ಎರಡನೆಯ ಸಲವೂ ಸುಲಭವಾಗಲಿಲ್ಲ. ಹೊಸದಾಗಿ ಬಿತ್ತಿದ ಬೆಂಡೆ ಮೊಳೆತ ವಾರದಲ್ಲೇ ರಹಿಮಾ ಬೀಯ ಕೋಳಿಗಳು ಗೋಡೆ ಹಾರಿ ಬಂದು ಎಲ್ಲ ಕೆದಕಿ ಹಾಕಿದವು. ತುಮಕೂರಿನಿಂದ ವಾಪಸ್ ಬಂದಿದ್ದ ರಹಿಮಾ ಬೀ ಮೊಟ್ಟೆ ಹಿಡಿದು ಬಂದಳು.

"ಒಂದೂ ಉಳ್ದಿಲ್ಲ ಕಣೇ. ನನ್ ಕೋಳೀನೇ ಮಾಡಿದ್ದು, ಬೈಯೋದಿದ್ರೆ ಬೈದುಬಿಡು."

ಅರುಣಾ ಚೆನ್ನಾಗಿಯೇ ಬೈದಳು. ಮೊಟ್ಟೆಯನ್ನೂ ಇಟ್ಟುಕೊಂಡಳು. ಮರುದಿನ ಇಬ್ಬರೂ ಸೇರಿ ಗೋಡೆಗೆ ಹಳೆಯ ಬಲೆ ಕಟ್ಟಿದರು.

ಬಲೆ ಕಟ್ಟಿದ ಮೇಲೆ, ನಾದಿನಿ ಕೊಟ್ಟ ಬೀಜದಲ್ಲಿ ಮಿಕ್ಕಿದ್ದನ್ನು ಬಿತ್ತಿದಳು. ಆ ಬದನೆ ಬೇರೂರಿತು. ಈಗ ಬೆರಳನ್ನು ಗೆಣ್ಣಿನವರೆಗೂ ಮಣ್ಣಿಗೆ ಊರಿ, ಒಣಗಿದ್ದರಷ್ಟೇ ನೀರು. ಎಲೆಯ ಹಿಂಬದಿಯಲ್ಲಿ ಗಿಡದ ಹೇನು ಹತ್ತಿದ್ದು ಅಂಟಂಟಾಗಿ ಕೈಗೆ ಗೊತ್ತಾಯಿತು. ಬೇವಿನೆಣ್ಣೆಗೆ ಸೋಪಿನ ನೀರು ಬೆರೆಸಿ ಒಂದೊಂದೇ ಎಲೆ ಒರೆಸಿದಳು. ಮುಳ್ಳು ಚುಚ್ಚಿ ಚುಚ್ಚಿ ಬೆರಳ ತುದಿ ಒರಟಾಯಿತು.

ಮೊದಲ ಕೊಯ್ಲು ಒಂದು ಬೊಗಸೆಗೂ ಸಾಲಲಿಲ್ಲ. ಎಣ್ಣೆಗಾಯಿ ಮಾಡಲೆಂದು ಸೀಳುತ್ತಿದ್ದ ತಿಪ್ಪಮ್ಮ ನಡುವೆ ನಿಲ್ಲಿಸಿದಳು. ಏನು ಎಂದು ಸೊಸೆ ಕೇಳಿದಾಗ ಸ್ವಲ್ಪ ತಡೆದು, "ಇದರಲ್ಲಿ ಹುಳ ಐತೆ ಕಣಮ್ಮ. ಇನ್ನೊಂದರಲ್ಲೂ ಐತೆ," ಎಂದಳು.

"ಅವೆರಡು ಕೋಳಿಗಿಟ್ಬಿಡಿ. ಮಿಕ್ಕಿದ್ದು ಮಾಡಿ."

ಡ್ಯೂಟಿ ಮುಗಿಸಿ ಬಂದ ಮುತ್ತುರಾಜ್ ರಾಗಿಮುದ್ದೆಯ ಜೊತೆ ಒಂದು ಬದನೆಕಾಯಿ ತಿಂದ. ಅರುಣಾ ಅವನ ಎದುರಿಗೇ ಕೂತಿದ್ದಳು.

"ಹೆಂಗೈತೆ?"

ಅವನು ಅಗಿಯುವುದನ್ನು ನಿಲ್ಲಿಸಿದ. ಅತ್ತ ತಿಪ್ಪಮ್ಮನ ಸೌಟೂ ನಿಂತಿತು.

"ಒಂಚೂರು ಕಹಿ ಐತೆ ಕಣೇ," ಎಂದ ಮುತ್ತುರಾಜ್.

"ಬಲ್ತೋಗಿದ್ವು. ಮುಂದಿನ್ಸಲ ಬೇಗ ಕೀಳ್ತೀನಿ," ಎಂದು ಅರುಣಾ ಪಾತ್ರೆ ತಡವಿ ಇನ್ನೊಂದು ಕಾಯನ್ನು ಅವನ ತಟ್ಟೆಗೆ ಹಾಕಿದಳು.