ಚನ್ನಮಲ್ಲಯ್ಯನವರ ಖಚಿತ ಮಾತು

ಚನ್ನಮಲ್ಲಯ್ಯನವರ ಬಾಯಿಂದ ಹೌದು ಎಂಬುದಾಗಲಿ ಇಲ್ಲ ಎಂಬುದಾಗಲಿ ಒಂಟಿಯಾಗಿ ಹೊರಬಿದ್ದದ್ದನ್ನು ಮಧುಗಿರಿಯಲ್ಲಿ ಯಾರೂ ಕೇಳಿರಲಿಲ್ಲ. ಬಸ್ಸಿನ ಕಂಡಕ್ಟರು ‘ಪುರವರಕ್ಕೇನ್ ಸ್ವಾಮಿ?’ ಎಂದರೆ, ‘ಊರೊಳಕ್ಕಲ್ಲ, ರಸ್ತೆಯ ತಿರುವಿನವರೆಗೆ, ಅದೂ ಬಸ್ಸು ಅಲ್ಲಿ ನಿಲ್ಲುವುದಾದರೆ’ ಎನ್ನುವರು. ‘ನಿಲ್ಸೋನು ನಾನೇ ಕಣ್ ಸ್ವಾಮಿ, ಕಾಸ್ ಕೊಡಿ!’ ಎಂದು ಅವನು ರೇಗಿ, ಹಿಂದಿನ ಸೀಟಿನವರೆಲ್ಲ ನಕ್ಕರೂ, ಅವರು ಮಾತ್ರ ತಮ್ಮ ವಾಕ್ಯದಲ್ಲಿ ಇನ್ನೇನು ಕೊರೆ ಉಳಿಯಿತೆಂದು ಯೋಚಿಸುತ್ತ ಕೂತಿರುವರು.

ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ನೆತ್ತಿ ಸುಡುವ ಬೇಸಿಗೆಯಲ್ಲೂ ಕೊರಳವರೆಗೆ ಗುಂಡಿ ಹಾಕಿದ ಕರಿಯ ಕೋಟು. ಅದರ ಎಡಜೇಬಿನಲ್ಲಿ ಸೈಕಲ್ ಶಾಪಿನ ಖಲೀಲುಲ್ಲಾ ಕೊಟ್ಟ ತಂತಿಯ ಸುರುಳಿ. ನಡೆಯುತ್ತ ನಡೆಯುತ್ತ ನಡುಬೀದಿಯಲ್ಲಿ ನಿಂತು ತಂತಿಯನ್ನು ಬಾಗಿಸಿ, ಮಡಿಸಿ, ಮತ್ತೆ ಬಿಡಿಸಿ ನೋಡುವರು; ಗಾಡಿಯವರು ಬಯ್ದುಕೊಂಡು ಸುತ್ತಿ ಹೋಗುವರು. ಪ್ರೋಟೀನೆಂಬುದು ಉದ್ದನೆಯ ಸರಪಳಿಯಂತೆ; ಅದರ ಗುಣವೆಲ್ಲ ಅದು ಮಡಿಚಿಕೊಂಡ ಬಗೆಯಲ್ಲಿದೆಯಂತೆ; ಆ ಆಕಾರಕ್ಕೆ ಒಪ್ಪುವ ತಾವು ಸಿಕ್ಕರಷ್ಟೇ ಅಲ್ಲಿ ಕೂಡಿ, ಜೀವಕೋಶಕ್ಕೆ ಸುದ್ದಿ ಮುಟ್ಟಿಸುವುದಂತೆ. ‘ಬೀಗಕ್ಕೆ ಕೀಲಿ ಇದ್ದಂಗೆ ಅನ್ನಿ’ ಎಂದೆ ಒಮ್ಮೆ. ಅವರಿಗೆ ಸಿಟ್ಟೇ ಬಂತು. ‘ಬೀಗ ಅಲುಗುವುದಿಲ್ಲ, ಸ್ವಾಮಿ. ಇವು ಒಂದನ್ನೊಂದು ಮುಟ್ಟಿದಾಗ ತುಸು ಬಾಗುತ್ತವೆ ಎಂದು ಈಚೆಗೆ ಹೇಳುತ್ತಿದ್ದಾರೆ.’ ಎಂಥ ಸೊಗಸಾದ ಮಾತು! ಅಣುವೊಂದು ಇನ್ನೊಂದಕ್ಕೆ ಬಾಗುವ ವಿನಯವನ್ನು ಇಷ್ಟು ಪ್ರೀತಿಯಿಂದ ವರ್ಣಿಸಬಲ್ಲ ಮನುಷ್ಯ ತಾನು ಕೂದಲೆಳೆಯಷ್ಟೂ ಬಾಗದವನೆಂದು ಆಗ ಯಾರಿಗೆ ಗೊತ್ತಿತ್ತು?

ಕೋಟೆ ಬುಡದ ಓಣಿಯಲ್ಲಿ ಕಲ್ಲೊಡೆಯುವ ಓಬಳಯ್ಯನಿಗೆ ಸಕ್ಕರೆ ಕಾಯಿಲೆಯೆಂದು ತುಮಕೂರಿನ ಡಾಕ್ಟರು ಇನ್ಸುಲಿನ್ ಬರೆದುಕೊಟ್ಟಿದ್ದರು. ಅವನ ಹೆಂಡತಿ ಆಂಜಿನಮ್ಮ ಸೂಜಿ ಹಾಕುವುದನ್ನು ಕಾಂಪೌಂಡರನಿಂದ ಕಲಿತಿದ್ದಳು. ಔಷಧಿ ತಂಪಾಗಿರಬೇಕೆಂದು ಹೇಳಿದ್ದರಿಂದ ಸೀಸೆಯನ್ನು ನೀರಿನ ಗಡಿಗೆಯ ಕೆಳಗಿನ ಒದ್ದೆ ಮರಳಿನಲ್ಲಿ ಹೂತಿಡುವಳು. ಆದರೆ ಬಾಣಂತಿಗೂ ಜ್ವರದವರಿಗೂ ತಣ್ಣನೆಯದನ್ನು ಸೋಕಿಸದ ಮನೆ ಅದು. ತಣ್ಣಗಿರುವುದನ್ನು ಹಾಗೇ ಮೈಗೆ ಚುಚ್ಚಿದರೆ ಶೀತವಾಗದೆ? ಬೆಳಿಗ್ಗೆ ಸಿರಿಂಜು ಕುದಿಯುವ ಪಾತ್ರೆಯಲ್ಲೇ ಸೀಸೆಯನ್ನೂ ಇಳಿಬಿಟ್ಟು, ಚೆನ್ನಾಗಿ ಕಾಯಿಸಿ, ಆಮೇಲೆ ಆರಿಸಿ ಚುಚ್ಚುವಳು. ಗಂಡ ಬರಬರುತ್ತ ಒಣಗತೊಡಗಿದಾಗ ಅನುಮಾನ ಬಂದು, ಓಣಿಯಲ್ಲಿ ಹೆಚ್ಚು ಓದಿದವರ ಬಾಗಿಲಿಗೆ ಹೋದಳು. ಅಲ್ಲಿ ನಡೆದ ಮಾತನ್ನು ಅಕ್ಷರ ಬಿಡದೆ ನನಗೆ ಒಪ್ಪಿಸಿದವರು ಸ್ವತಃ ಚನ್ನಮಲ್ಲಯ್ಯನವರೇ, ತಮ್ಮದೇನೂ ತಪ್ಪಿಲ್ಲವೆಂದು ತೋರಿಸಲು.

‘ಮೇಷ್ಟ್ರೇ, ಸೂಜಿ ಔಷ್ದೀನ ಕುದಿಯೋ ನೀರಾಗಿಟ್ರೆ ಕೆಡ್ತದಾ?’

‘ಕೆಡುವುದು ಅಂದರೆ ಏನು, ತಾಯಿ? ಮೊದಲು ಅದನ್ನು ಗೊತ್ತುಮಾಡಿಕೊಳ್ಳಬೇಕು.’ ತಂತಿ ಹೊರಬಂತು. ‘ನಿನ್ನ ಔಷಧಿಯೂ ಒಂದು ಪ್ರೋಟೀನೇ. ಇದು ಅದರ ಸರಪಳಿ ಅನ್ನು. ಕುದಿಯುವ ನೀರಿನಲ್ಲಿ ಇದು ತುಂಡಾಗುವುದಿಲ್ಲ.’

‘ಅಂಗಾರೆ ಏನೂ ಆಗಾಕಿಲ್ಲ ಅನ್ನಿ.’

‘ಹಾಗೆ ನಾನು ಹೇಳಲಿಲ್ಲ. ಮಡಿಕೆ ಸಡಿಲಬಹುದು. ಸಡಿಲಿದರೆ ಜೀವಕೋಶದ ಮೇಲೆ ಅದು ಕೂಡುವ ತಾವಿನಲ್ಲಿ, ಅಂಥ ತಾವು ಇದ್ದದ್ದೇ ಆದರೆ, ಕೂಡಲಾರದು. ಆ ತಾವನ್ನು ಯಾರೂ ಇನ್ನೂ ಕಂಡಿಲ್ಲವಾದ್ದರಿಂದ…’

ಒಲೆಯ ಮೇಲೆ ಮುದ್ದೆಗೆ ಎಸರಿಟ್ಟು ಬಂದಿದ್ದ ಆಂಜಿನಮ್ಮ, ತುಂಡಾಗುವುದಿಲ್ಲ ಎಂಬುದೊಂದನ್ನು ಹಿಡಿದುಕೊಂಡು ಕೈಮುಗಿದು ಎದ್ದಳು. ಮೇಷ್ಟ್ರು ತಂತಿಯ ಜೊತೆ ಮಾತು ಮುಂದುವರಿಸಿದರು. ಏಕಮ್ಮಾ ಕೇಳುತ್ತೀ, ಎಂದು ಒಂದು ಮಾತು ಕೇಳಲಿಲ್ಲ.

ಓಬಳಯ್ಯ ನೀರು ನೀರು ಎನ್ನುತ್ತಲೇ ಪ್ರಜ್ಞೆ ತಪ್ಪಿ ತೀರಿಕೊಂಡ.

ಮಾತಾಡಿಸಿ ಬರಲು ನಾನು ಹೋದಾಗ ಮೇಷ್ಟ್ರೂ ಅದೇ ಕೋಟಿನಲ್ಲಿ ಬಂದು ಗೋಡೆಗೊರಗಿ ನಿಂತಿದ್ದರು. ಆಂಜಿನಮ್ಮ ನನ್ನ ಕಡೆ ತಿರುಗಿ, ‘ಒಂದಿನಾನಾರ ತಣ್ಣಗೆ ಚುಚ್ಚಲಿಲ್ಲ ಕಣಣ್ಣ. ದಿನಾ ಕುದಿಯೋ ನೀರಾಗಿಟ್ಟು ಚುಚ್ಚಿದ್ನಲ್ಲ, ಇನ್ನೇನ್ ಮಾಡ್ಬೇಕಿತ್ತು?’ ಎಂದಳು.

‘ಅದಕ್ಕೇ ಜೀವ ಹೋಗಿದ್ದು’ ಎಂದರು ಚನ್ನಮಲ್ಲಯ್ಯನವರು. ‘ಬಿಸಿಗೆ ಔಷಧಿ ಸತ್ತುಹೋಗಿದೆ. ಬಿಸಿ ಮಾಡಬಾರದಾಗಿತ್ತು, ತಾಯಿ.’

ಎಷ್ಟು ಸರಳವಾದ ಮಾತು! ಹಸುಗೂಸಿಗೂ ತಿಳಿಯುವಂಥದ್ದು. ಆಂಜಿನಮ್ಮ ಅಳು ನಿಲ್ಲಿಸಿ ಅವರನ್ನೇ ನೋಡಿದಳು.

‘ಈ ಮಾತ್ನ ಆವತ್ತೇ ಅಂದಿದ್ರೆ ಆಯ್ತಿರ್ಲಿಲ್ವಾ ಸ್ವಾಮಿ?’

‘ಆವತ್ತು ಇಷ್ಟು ಖಚಿತವಿರಲಿಲ್ಲ.’

ಇಂಥವರು ಮಧುಗಿರಿಯಲ್ಲಿ ಒಬ್ಬರೇ ಎಂದು ಯಾರೂ ನೆಮ್ಮದಿಯಿಂದಿರಬೇಕಾಗಿಲ್ಲ. ಪ್ರತಿ ಊರಿನಲ್ಲೂ, ಪ್ರತಿ ಕಚೇರಿಯಲ್ಲೂ ಇದ್ದಾರೆ. ಇವರು ಸುಳ್ಳಾಡುವುದಿಲ್ಲ, ಲಂಚ ಮುಟ್ಟುವುದಿಲ್ಲ. ಸನ್ಮಾನ ಸಭೆಗಳಲ್ಲಿ ಶಾಲು ಹೊದಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲದ ಸಜ್ಜನರು. ತಿಳಿವಳಿಕೆಗೂ ಒಂದು ಮಡಿಯುಂಟೆಂದು ನಂಬಿದವರು. ಆ ಮಡಿ ಕೆಡದಿರಲೆಂದು ಬಾಗಿಲಿಗೆ ಬಂದವರನ್ನು ಎಷ್ಟು ದೂರವಾದರೂ ನಿಲ್ಲಿಸುತ್ತಾರೆ, ಹೆಣವೇ ಬಿದ್ದರೂ ತಮ್ಮ ಮಾತೇ ಸರಿಯಾಯಿತೆಂದು ಒಳಗೊಳಗೇ ಹಗುರಾಗುತ್ತಾರೆ.